ಏಳನೇ ಮನೆಯ ಗೋಡೆ

ಸೋರುವ ಮನೆಗೆ ಬಾಡಿಗೆ ಕಡಿಮೆ, ಬಾಡಿಗೆ ಕಡಿಮೆಯಿರುವ ಕಡೆಗೆ ಕೈಕೆಲಸದವರು ಬರುತ್ತಾರೆ. ಹಾಗೆ ಒಬ್ಬರ ಹಿಂದೆ ಒಬ್ಬರು ಬಂದು ಆ ಮೂರಂತಸ್ತಿನ ಹಳೆಯ ಕಟ್ಟಡದ ಹನ್ನೆರಡು ಮನೆಗಳು ತುಂಬಿದ್ದವು. ಮೊದಲನೇ ಮನೆಯಲ್ಲಿ ಕೊಳಾಯಿ ಕೆಲಸದವರು, ಎರಡನೆಯದರಲ್ಲಿ ಬಡಗಿ, ಮೂರನೆಯದರಲ್ಲಿ ಟೈಲರ್, ಹೀಗೆ. ಓನರ್ ಆ ಕಟ್ಟಡಕ್ಕೆ ಒಂದು ಮೊಳೆಯನ್ನೂ ಹೊಡೆಸಿದವರಲ್ಲ. ಯಾರ ಮನೆಯಲ್ಲಿ ಏನು ಕೆಟ್ಟರೂ ಅವರವರೇ ಸರಿಮಾಡಿಕೊಳ್ಳುತ್ತಿದ್ದರು, ಯಾರೂ ಅದರ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ಯಾಕೆ ಬಿಡಬೇಕು? ಕೊಳಾಯಿ ಕೆಲಸದವರ ಮನೆಯ ನಲ್ಲಿಯೇ ತೊಟ್ಟಿಕ್ಕುತ್ತದೆ ಎಂದು ಗೊತ್ತಾದರೆ ನಾಳೆ ಅವರನ್ನು ಯಾರು ಕೆಲಸಕ್ಕೆ ಕರೆಯುತ್ತಾರೆ?

ಏಳನೇ ಮನೆಯಲ್ಲಿ ಇದ್ದವಳು ಬಣ್ಣದಕ್ಕ. ಗೋಡೆಗೆ ಬಣ್ಣ ಹಚ್ಚುವುದು ಅವಳ ಕಸುಬು. ಆರು ವರ್ಷದ ಹಿಂದೆ ಗಂಡ ತೀರಿಕೊಂಡಾಗ ಅವನ ಏಣಿ, ಬ್ರಷ್ಷು, ಗಿರಾಕಿಗಳು ಎಲ್ಲ ಅವಳಿಗೆ ಬಂದವು. ಜೊತೆಗೆ ಅವನ ತಾಯಿಯೂ ಬಂದರು. ಸೊಸೆ ಕೆಲಸಕ್ಕೆ ಹೋದರೆ ಅತ್ತೆ ಮನೆಯಲ್ಲಿ ಮಂಚದ ಮೇಲೆ ಕೂತು ಲೋಕವನ್ನೆಲ್ಲ ತಿದ್ದುತ್ತಿದ್ದರು. ಸಂಜೆ ಸೊಸೆ ಬಂದಳೆಂದರೆ ಅವಳನ್ನೂ ತಿದ್ದುತ್ತಿದ್ದರು. ಜಗಳವಾಡದ ದಿನ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ. ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಯಾರೂ ಇಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಆ ಮಂಚ ಇದ್ದದ್ದು ಒಂದು ಗೋಡೆಗೆ ಒತ್ತಿಕೊಂಡು. ಬೇರೆ ಕಡೆ ಹಾಕಲು ಜಾಗವಿರಲಿಲ್ಲ. ಒಂದು ಪಕ್ಕ ಬೀರು, ಒಂದು ಪಕ್ಕ ಬಾಗಿಲು, ಇನ್ನೊಂದು ಪಕ್ಕ ಅಡುಗೆಮನೆ. ಆ ಗೋಡೆಯೊಳಗೆ ಇಡೀ ಕಟ್ಟಡದ ನೀರು ಇಳಿಯುವ ಪೈಪು ಹಾದುಹೋಗಿತ್ತು, ಅದು ಒಳಗೆಲ್ಲೋ ಒಡೆದಿತ್ತು. ಗೋಡೆ ಒಡೆಯದೆ ಪೈಪು ಸರಿಯಾಗುವುದಿಲ್ಲ, ಓನರ್ ಹೇಳದೆ ಗೋಡೆ ಒಡೆಯುವಂತಿಲ್ಲ, ಓನರ್ ಹೇಳುವುದಿಲ್ಲ. ಗೋಡೆ ಮಾತ್ರ ವರ್ಷವಿಡೀ ಬೆವರುತ್ತಿತ್ತು. ಮೊದಲು ಸಣ್ಣ ಗುಳ್ಳೆಗಳು ಏಳುತ್ತಿದ್ದವು, ಆಮೇಲೆ ಬಣ್ಣ ಹಪ್ಪಳ ಹಪ್ಪಳವಾಗಿ ಕಳಚುತ್ತಿತ್ತು, ಆಮೇಲೆ ಕರಿ ಬೂಷ್ಟು. ಅತ್ತೆಗೆ ಉಬ್ಬಸ ಹತ್ತಿ ವಾರಕ್ಕೊಮ್ಮೆ ಮೂರು ಬೀದಿ ಆಚೆಯ ಆಸ್ಪತ್ರೆಗೆ ಹೋಗಿ ಮೂಗಿಗೆ ಆವಿ ಹಿಡಿಸಿಕೊಂಡು ಬರಬೇಕಾಗಿತ್ತು.

ಬಣ್ಣದಕ್ಕ ಸುಮ್ಮನೆ ಕೂರುವವಳಲ್ಲ. ಏಳೆಂಟು ತಿಂಗಳಿಗೊಮ್ಮೆ ಬಾಗಿಲು ಹಾಕಿಕೊಂಡು ಉದುರುವುದನ್ನೆಲ್ಲ ಕೆರೆದು, ತಂತಿ ಬ್ರಷ್ಷಿನಿಂದ ತಿಕ್ಕಿ, ಫ್ಯಾನ್ ಹಚ್ಚಿ ಒಣಗಿಸಿ, ಪ್ರೈಮರ್ ಕುಡಿಸಿ, ಪುಟ್ಟಿ ಎಳೆದು, ಎಮರಿ ಕಾಗದದಲ್ಲಿ ನಯಮಾಡಿ, ಗಿರಾಕಿಗಳ ಮನೆಯಲ್ಲಿ ಡಬ್ಬದ ತಳಕ್ಕೆ ಉಳಿದ ಬಣ್ಣ ತಂದು ಎರಡು ಕೈ ಹಚ್ಚುತ್ತಿದ್ದಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂಥ ಕೆಲಸ. "ಹದಿನೈದು ದಿನ ಮದುವಣಗಿತ್ತಿ, ಹದಿನಾರನೇ ದಿನ ಅದೇ ಹಳೇ ಮುಖ," ಎನ್ನುತ್ತಿದ್ದರು ಅತ್ತೆ.

ಅವಳನ್ನು ಚುಚ್ಚುತ್ತಿದ್ದ ಮಾತು ಅದಲ್ಲ. ಅವಳಿಗೆ ಕಸುಬು ಕಲಿಸುವಾಗ ಗಂಡ ಒಂದು ಮಾತು ಹೇಳುತ್ತಿದ್ದ: ಒದ್ದೆ ಗೋಡೆಗೆ ಬಣ್ಣ ಹಚ್ಚೋನು ಪೇಂಟರ್ ಅಲ್ಲ, ಕಳ್ಳ. ಗಿರಾಕಿಗಳ ಮನೆಯಲ್ಲಿ ಅವಳು ಆ ಮಾತನ್ನು ಒಂದು ದಿನವೂ ಮೀರಲಿಲ್ಲ. ಗೋಡೆಗೆ ಅಂಗೈ ಇಟ್ಟು ನೋಡಿ, ತಣ್ಣಗಿದ್ದರೆ ಡಬ್ಬದ ಮುಚ್ಚಳವನ್ನೇ ತೆಗೆಯುತ್ತಿರಲಿಲ್ಲ. ತನ್ನ ಮನೆಯಲ್ಲಿ ಮಾತ್ರ ಹತ್ತಾರು ಸಲ ಕಳ್ಳಿಯಾಗಿದ್ದಳು. ಮನೆಗೆ ಯಾರನ್ನೂ ಕರೆಯುವುದನ್ನೇ ಬಿಟ್ಟಿದ್ದಳು. ಗಿರಾಕಿಗಳು ಬಂದರೆ ಮೆಟ್ಟಿಲ ಹತ್ತಿರವೇ ನಿಲ್ಲಿಸಿ, ಬಾಗಿಲನ್ನು ಬೆನ್ನ ಹಿಂದೆ ಎಳೆದುಕೊಂಡು ಮಾತಾಡಿ ಕಳಿಸುತ್ತಿದ್ದಳು.

ಹೀಗಿರುವಾಗ ಪತ್ರ ಬಂತು. ಓನರ್‌ಗೆ ವಯಸ್ಸಾಗಿತ್ತು, ಎಲ್ಲ ವ್ಯವಹಾರ ಅವರ ಅಳಿಯನದು. ಹನ್ನೆರಡು ಮನೆಗೂ ಒಂದೇ ಒಕ್ಕಣೆ. ಅದರಲ್ಲಿ ಬಾಡಿಗೆ ಏರಿಕೆ ಎಂಬ ಶಬ್ದವೇ ಇರಲಿಲ್ಲ, 'ಬಾಡಿಗೆ ಪರಿಷ್ಕರಣೆ' ಎಂದಿತ್ತು. ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗೆ. ಬರೆದವನೂ ಅಳಿಯನೇ ಆದ್ದರಿಂದ ಕಟ್ಟಡದವರಿಗೆ ಆ ಗಾದೆ ಎರಡು ದಿನ ನಗುವುದಕ್ಕೆ ಒದಗಿತು. ನಗು ಮುಗಿದ ಮೇಲೆ ಉಳಿದದ್ದು ಇಷ್ಟು: ಮೂರು ತಿಂಗಳಾದ ಮೇಲೆ ಬಾಡಿಗೆ ಈಗಿನ ಒಂದೂವರೆ ಪಟ್ಟು, ಕೊಡಲಾಗದವರು ಮನೆ ಬಿಡಬಹುದು. ಕಾರಣವನ್ನೂ ಕೊಟ್ಟಿದ್ದ: 'ಕಟ್ಟಡವು ಅತ್ಯುತ್ತಮ ಸ್ಥಿತಿಯಲ್ಲಿರುವುದರಿಂದ.'

"ಅತ್ಯುತ್ತಮ ಸ್ಥಿತಿ ಮಾಡಿದ್ದು ಯಾರು, ಇವನ ಮಾವನಾ?" ಎಂದರು ಅತ್ತೆ.

ಬಣ್ಣದಕ್ಕ ಪತ್ರವನ್ನು ಮಡಿಸತೊಡಗಿದಳು. ಒಂದೂವರೆ ಪಟ್ಟು ಅವಳಿಂದ ಆಗದ ಮಾತು. ಬಿಟ್ಟು ಹೋಗುವುದಾದರೆ ಊರಾಚೆಗೆ ಹೋಗಬೇಕು, ಬಸ್ಸಿನಲ್ಲಿ ಒಂದೂಕಾಲು ಗಂಟೆ. ಗಿರಾಕಿಗಳೆಲ್ಲ ಇರುವುದು ಈ ನಾಲ್ಕು ಬೀದಿಗಳಲ್ಲಿ. ಏಣಿಯನ್ನು ಹೆಗಲ ಮೇಲೆ ಹೊತ್ತು ನಡೆದು ಹೋಗುವ ದೂರದಲ್ಲಿ ಅವಳ ಅನ್ನವಿತ್ತು. ಏಣಿಯನ್ನು ಯಾವ ಕಂಡಕ್ಟರ್ ಬಸ್ಸಿಗೆ ಹತ್ತಿಸುತ್ತಾನೆ? ಅತ್ತೆಯ ಆಸ್ಪತ್ರೆಯೂ ಇಲ್ಲೇ. ಈ ಹಾಳು ಗೋಡೆಯ ಮನೆಯನ್ನು ಬಿಟ್ಟರೆ ಎರಡು ಜೀವ ಬೀದಿಗೆ ಬೀಳುತ್ತವೆ ಎಂಬ ಲೆಕ್ಕ ಅವಳಿಗೆ ಪತ್ರ ಮಡಿಸುವಷ್ಟರಲ್ಲಿ ಆಗಿಹೋಗಿತ್ತು.

ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಎಲ್ಲರೂ ತಾರಸಿಯ ಮೇಲೆ ಸೇರಿದರು. ಕರೆದವರು ಐದನೇ ಮನೆಯ ಟೀಚರ್. ಕೈಕಸುಬು ಗೊತ್ತಿಲ್ಲದ ಒಬ್ಬರೇ ಆ ಕಟ್ಟಡದಲ್ಲಿ ಅವರು, ಆದರೆ ಓದಿ ತಿಳಿದುಕೊಳ್ಳುವುದು ಗೊತ್ತಿತ್ತು.

"ಕಾನೂನು ಒಂದಿದೆ," ಎಂದರು ಟೀಚರ್. "ಮನೆ ವಾಸಕ್ಕೆ ಸರಿಯಿಲ್ಲ ಅಂತ ನಾವು ಬಾಡಿಗೆ ಕಚೇರಿಗೆ ಬರೆದುಕೊಟ್ರೆ ಅವರು ಬಂದು ನೋಡ್ತಾರೆ. ಹೌದು ಅಂತ ಕಂಡ್ರೆ, ಎಲ್ಲ ರಿಪೇರಿ ಮಾಡಿಸೋ ತನಕ ಓನರ್ ಒಂದು ಕಾಸೂ ಜಾಸ್ತಿ ಕೇಳೋ ಹಾಗಿಲ್ಲ, ಯಾರನ್ನೂ ಬಿಡಿಸೋ ಹಾಗೂ ಇಲ್ಲ. ಆದ್ರೆ ಬರೋದು ಒಂದೇ ಸಲ. ಏನೂ ಕಾಣಲಿಲ್ಲ ಅಂದ್ರೆ ಫೈಲ್ ಮುಚ್ಚಿಬಿಡ್ತಾರೆ. ಸರಿ, ಯಾರ ಮನೇಲಿ ಏನೇನು ಕೆಟ್ಟಿದೆ, ಹೇಳಿ."

ಟೀಚರ್ ಪೆನ್ನು ಹಿಡಿದು ಕೂತರು. ನಲ್ಲಿ ಮಾವ, ಅಂದರೆ ಮೊದಲನೇ ಮನೆಯ ಕೊಳಾಯಿ ಕೆಲಸದವರು, ಆಕಾಶದಲ್ಲಿ ಏನೋ ಹುಡುಕಿದರು. ಬಡಗಿ ತನ್ನ ಉಗುರು ನೋಡಿಕೊಂಡ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

"ನಮ್ಮನೇಲಿ ಅಂಥದ್ದೇನಿಲ್ಲ," ಎಂದ ಬಡಗಿ ಕೊನೆಗೆ.

"ನಮ್ಮಲ್ಲೂ ಇಲ್ಲ," ಎಂದಳು ಟೈಲರ್. "ಆದ್ರೆ ಇವರ ಮನೆ ಬಾಗಿಲು ಮುಚ್ಚೋಕೆ ಮಾತ್ರ ಇಬ್ಬರು ಬೇಕು. ಚೌಕಟ್ಟೇ ಕೂತುಹೋಗಿದೆ."

ಬಡಗಿಗೆ ಉರಿದುಹೋಯಿತು. "ನಿಮ್ಮನೆ ಸ್ವಿಚ್ಚು ಮುಟ್ಟಿದ್ರೆ ಶಾಕ್ ಹೊಡೆಯಲ್ವಾ? ಪೆನ್ಸಿಲ್‌ನಲ್ಲಿ ತಾನೆ ಲೈಟು ಹಾಕೋದು ನೀವು? ಮಾವನ ಮನೆ ನಲ್ಲಿ ಎರಡು ವರ್ಷದಿಂದ ಅಳ್ತಾ ಇದೆ, ಅದನ್ನ ಯಾಕೆ ಹೇಳಲ್ಲ?"

ಆಮೇಲೆ ಕಟ್ಟೆ ಒಡೆಯಿತು. ತನ್ನ ಮನೆಯದನ್ನು ಒಬ್ಬರೂ ಹೇಳಲಿಲ್ಲ, ಪಕ್ಕದ ಮನೆಯದನ್ನು ಹೇಳದವರಿಲ್ಲ. ಟೀಚರ್ ಪೆನ್ನು ಓಡಿಸಿದ್ದೇ ಓಡಿಸಿದ್ದು. ಅವರ ಮನೆಯ ಗೋಡೆಯಲ್ಲಿ ಕೈ ತೂರುವಷ್ಟು ಬಿರುಕಿದೆ ಎನ್ನುವುದನ್ನೂ ಮೇಲಿನ ಮನೆಯವರೇ ಹೇಳಿ ಬರೆಸಿದರು. ಇಷ್ಟು ವರ್ಷ ಬಾಗಿಲು ಹಾಕಿಕೊಂಡು ಕಾಪಾಡಿದ ಗುಟ್ಟೆಲ್ಲ ಎಲ್ಲರಿಗೂ ಗೊತ್ತಿದ್ದ ಗುಟ್ಟೇ ಆಗಿತ್ತು.

ಏಳನೇ ಮನೆಯದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. "ಅಕ್ಕಾ, ನಿಮ್ಮದು?" ಎಂದು ಟೀಚರ್ ಕೇಳಿದಾಗ ಬಣ್ಣದಕ್ಕ, "ನಮ್ಮದು ಚೆನ್ನಾಗಿದೆ ಟೀಚರ್. ಸಹಿ ಮಾತ್ರ ಹಾಕ್ತೀನಿ," ಎಂದಳು. ಹನ್ನೆರಡು ಮನೆಯವರೂ ಸಹಿ ಹಾಕಬೇಕು, ಒಬ್ಬರ ದೂರು ಎಲ್ಲರ ದೂರು ಎಂದು ಆ ದಿನ ತೀರ್ಮಾನವಾಯಿತು. ಹನ್ನೆರಡು ಮನೆಯ ಸಂಘ ಹುಟ್ಟಿದ್ದು ಹೀಗೆ, ಪರಸ್ಪರ ಚಾಡಿ ಹೇಳಿಕೊಂಡು.

ಸಂಜೆ ಸಹಿಗೆಂದು ಟೀಚರ್ ಏಳನೇ ಮನೆಗೆ ಬಂದರು. ಬಣ್ಣದಕ್ಕ ಎಂದಿನ ಹಾಗೆ ಹೊಸಿಲಲ್ಲೇ ನಿಂತು ಕಾಗದ ತೆಗೆದುಕೊಂಡಳು. ಒಳಗಿಂದ ಅತ್ತೆಯ ದನಿ ಬಂತು.

"ಟೀಚರಮ್ಮಾ, ಏಳನೇ ಮನೆಗೆ ಏನು ಬರೆದಿದ್ದೀರಿ?"

"ಏನಿಲ್ಲ ಅಂದ್ರು ಅಜ್ಜಿ."

"ಏನಿಲ್ಲವಾ? ಹಾಗಾದ್ರೆ ನಾಳೆಯಿಂದ ಅವಳು ಈ ಮಂಚದಲ್ಲಿ ಮಲಗಲಿ, ನಾನು ಏಣಿ ಹತ್ತುತ್ತೀನಿ. ಮನೆಗೆ ಮಾರಿ, ಊರಿಗೆ ಉಪಕಾರಿ! ಊರವರ ಗೋಡೆಯೆಲ್ಲ ಕನ್ನಡಿ, ನನ್ನ ಬೆನ್ನ ಹಿಂದೆ ಕೆರೆ. ಬನ್ನಿ ಇಲ್ಲಿ, ಕೈ ಇಡಿ."

ಟೀಚರ್ ಒಳಗೆ ಬಂದು ಕೈ ಇಟ್ಟರು. ಅಂಗೈ ಒದ್ದೆಯಾಯಿತು, ಬೂಷ್ಟೂ ಹತ್ತಿತು. 'ಏಳನೇ ಮನೆ: ಗೋಡೆಯಲ್ಲಿ ತೇವ, ಬೂಷ್ಟು, ಹಿರಿಯರಿಗೆ ಉಬ್ಬಸ' ಎಂದು ಬರೆದುಕೊಂಡರು. ಬಣ್ಣದಕ್ಕ ಅದರ ಕೆಳಗೆ ಸಹಿ ಹಾಕಿದಳು. ಆ ರಾತ್ರಿ ಅತ್ತೆ ಸೊಸೆಯರು ಜಗಳವಾಡಲಿಲ್ಲ, ಇಬ್ಬರಿಗೂ ಊಟ ಸೇರಲಿಲ್ಲ.

ಬಾಡಿಗೆ ಕಚೇರಿಯಿಂದ ತಾರೀಕು ಬಂತು: ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಇನ್‌ಸ್ಪೆಕ್ಟರ್ ಬರುತ್ತಾರೆ. ಹಿಂದಿನ ದಿನ ಮಂಗಳವಾರ, ಬಣ್ಣದಕ್ಕ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಕೆಲಸ ಮುಗಿಸಿ, ಉಳಿದ ಬಣ್ಣದ ಡಬ್ಬ ಹಿಡಿದುಕೊಂಡು ಮಧ್ಯಾಹ್ನಕ್ಕೇ ಮನೆಗೆ ಬಂದಳು. ಬಂದವಳು ಗೋಡೆಯನ್ನು ಹೊರಗಿನವರ ಕಣ್ಣಿನಿಂದ ನೋಡಿದಳು. ನಾಳೆ ಇದರ ಮುಂದೆ ಸರ್ಕಾರದ ಮನುಷ್ಯ ನಿಂತಿರುತ್ತಾನೆ. ಅವನ ಪಕ್ಕದಲ್ಲಿ ಅಳಿಯ. ಹಿಂದೆ ಹನ್ನೊಂದು ಮನೆಯವರು. ಓಹೋ, ಇದು ಬಣ್ಣದಕ್ಕನ ಮನೆಯಾ ಎಂದು ಒಬ್ಬರಾದರೂ ಅನ್ನದೆ ಇರುತ್ತಾರೆಯೇ?

ತೀರಾ ಉದುರುವುದನ್ನು ಮಾತ್ರ ಕೆರೆದುಬಿಡೋಣ, ನೆಲವಾದರೂ ಚೊಕ್ಕವಿರಲಿ, ಅಂದುಕೊಂಡಳು. ಕೆರೆದ ಮೇಲೆ ಗೋಡೆ ಇನ್ನೂ ಅಸಹ್ಯವಾಯಿತು. ಒಂದು ಸಲ ಬ್ರಷ್ಷಿನಿಂದ ತಿಕ್ಕಿದಳು. ತಿಕ್ಕಿದ ಗೋಡೆಗೆ ಪ್ರೈಮರ್ ಇಲ್ಲದೆ ಬಿಡುವುದು ಅವಳ ಕೈಗೆ ಬರುವುದಿಲ್ಲ.

"ಏನೇ ಮಾಡ್ತಿದ್ದೀಯ?" ಎಂದರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅತ್ತೆ.

"ಸ್ವಲ್ಪ ಚೊಕ್ಕ ಮಾಡ್ತಿದ್ದೀನಿ ಅತ್ತೆ. ಬರೋರ ಮುಂದೆ ಅಸಹ್ಯ."

"ಬರೋರು ಅಸಹ್ಯ ನೋಡೋಕೇ ತಾನೆ ಬರ್ತಿರೋದು?"

"ತೇವ ಒಳಗೆ ಇದ್ದೇ ಇರುತ್ತಲ್ಲ. ಕೈ ಇಟ್ರೆ ಗೊತ್ತಾಗುತ್ತೆ ಬಿಡಿ."

ತನಗೆ ತಾನೇ ಹೇಳಿಕೊಂಡ ಸುಳ್ಳು ಅದು. ಅವಳು ಹಚ್ಚಿದ ಗೋಡೆಯಲ್ಲಿ ತೇವ ಕೈಗೆ ಸಿಗಲು ವಾರವಾದರೂ ಬೇಕು. ಫ್ಯಾನ್ ಹಚ್ಚಿದಳು. ಪುಟ್ಟಿ ಎಳೆದಳು. ಕೈ ಕಲಿತದ್ದನ್ನು ಕೈ ಮಾಡಿಬಿಡುತ್ತದೆ, ಮನಸ್ಸನ್ನು ಕೇಳುವುದಿಲ್ಲ. ಆ ಮಧ್ಯಾಹ್ನ ಕಟ್ಟಡದಲ್ಲೆಲ್ಲ ಏನೋ ಟಕಟಕ, ಕರಕರ ಸದ್ದಿತ್ತು. ಕೆಳಗೆ ಉಳಿಯ ಸದ್ದು, ಪಕ್ಕದಲ್ಲಿ ಸ್ಟೂಲ್ ಎಳೆದ ಸದ್ದು. ಎಲ್ಲರಿಗೂ ಏನೋ ಕೆಲಸವಿರಬೇಕು ಅಂದುಕೊಂಡಳು. ದೀಪ ಹಾಕುವ ಹೊತ್ತಿಗೆ ಕ್ಲಿನಿಕ್ಕಿನ ತಿಳಿ ಹಸಿರು ಬಣ್ಣದ ಎರಡನೇ ಕೈ ಮುಗಿದಿತ್ತು. ಇಷ್ಟು ಚೆನ್ನಾಗಿ ಅದು ಹಿಂದೆಂದೂ ಬಂದಿರಲಿಲ್ಲ.

ಇನ್‌ಸ್ಪೆಕ್ಟರ್ ಹನ್ನೊಂದಕ್ಕೆ ಐದು ನಿಮಿಷ ಮೊದಲೇ ಬಂದರು. ನಿವೃತ್ತಿಗೆ ಹತ್ತಿರದ ಮನುಷ್ಯ, ದಪ್ಪ ಕನ್ನಡಕ, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಒಂದೇ ಒಂದು ಫಾರಂ. ಅದರಲ್ಲಿ ಒಂದೊಂದು ದೂರಿನ ಎದುರಿಗೂ 'ಇದೆ', 'ಇಲ್ಲ' ಎಂದು ಎರಡು ಚೌಕಗಳಿದ್ದವು. ಅಳಿಯ ಸೆಂಟು ಹಾಕಿಕೊಂಡು ಹಿಂದೆಯೇ ಬಂದ. ಹನ್ನೆರಡು ಮನೆಯವರೂ ಮೆಟ್ಟಿಲ ಮೇಲೆ ಸಾಲಾಗಿ ನಿಂತರು.

ಮೊದಲನೇ ಮನೆ: ನಲ್ಲಿ ಸೋರುವುದು. ಇನ್‌ಸ್ಪೆಕ್ಟರ್ ನಲ್ಲಿಯ ಕೆಳಗೆ ಬೆರಳು ಹಿಡಿದು ನಿಂತರು. ಒಂದು ನಿಮಿಷವಾಯಿತು, ಎರಡಾಯಿತು. ಎರಡು ವರ್ಷ ಅತ್ತ ನಲ್ಲಿ ಬಾಯಿ ಮುಚ್ಚಿಕೊಂಡಿತ್ತು. ನಲ್ಲಿ ಮಾವ ತಮ್ಮ ಪಾದ ನೋಡಿಕೊಂಡರು. ಇನ್‌ಸ್ಪೆಕ್ಟರ್ 'ಇಲ್ಲ' ಎಂದು ಗುರುತು ಹಾಕಿದರು.

ಎರಡನೇ ಮನೆಯ ಬಾಗಿಲು ಒಂದೇ ಬೆರಳಿಗೆ ಮುಚ್ಚಿಕೊಂಡಿತು. ಇಲ್ಲ. ಮೂರನೇ ಮನೆಯ ಸ್ವಿಚ್ಚಿಗೆ ಹೊಸ ಮುಚ್ಚಳ ಬಂದಿತ್ತು, ಶಾಕೂ ಇಲ್ಲ, ಪೆನ್ಸಿಲ್ಲೂ ಇಲ್ಲ. ಅಷ್ಟು ಹೊತ್ತಿಗೆ ಬಣ್ಣದಕ್ಕನಿಗೆ ನಿನ್ನೆಯ ಸದ್ದುಗಳ ಅರ್ಥವಾಯಿತು. ಯಾರೂ ಯಾರಿಗೂ ಹೇಳದೆ ಹನ್ನೆರಡು ಮನೆಯವರೂ ಒಂದೇ ತಪ್ಪು ಮಾಡಿದ್ದರು. ನಾಳೆ ನಾಲ್ಕು ಜನ ಬರುತ್ತಾರೆ, ಕಸುಬುದಾರನ ಮನೆ ಹೀಗಿರಬಾರದು ಎಂದು ಪ್ರತಿಯೊಬ್ಬರೂ ಅಂದುಕೊಂಡಿದ್ದರು. ನನ್ನದೊಂದು ಇಲ್ಲದಿದ್ದರೆ ಏನು, ಉಳಿದವರದು ಇದೆಯಲ್ಲ ಎಂದೂ ಅಂದುಕೊಂಡಿದ್ದರು. ದೂರು ಬರೆದ ಟೀಚರೇ ತಮ್ಮ ಬಿರುಕಿನ ಮೇಲೆ ದೊಡ್ಡದೊಂದು ಭೂಪಟ ತೂಗುಹಾಕಿದ್ದರು. ಅಳಿಯ ಅದನ್ನು ನೋಡಿ, "ಮಕ್ಕಳಿಗೆ ಬಹಳ ಉಪಯೋಗ," ಎಂದ. ಭೂಪಟ ಎತ್ತಲು ಟೀಚರ್ ಕೈ ಏಳಲಿಲ್ಲ. ಇಲ್ಲ. ಆರನೇ ಮನೆಯಲ್ಲೂ ಇಲ್ಲ.

"ದೂರು ಕೊಡೋ ಮೊದಲು ಸ್ವಲ್ಪ ಯೋಚನೆ ಮಾಡ್ಬೇಕು," ಎಂದರು ಇನ್‌ಸ್ಪೆಕ್ಟರ್, ಯಾರ ಮುಖವನ್ನೂ ನೋಡದೆ. ಮೆಟ್ಟಿಲು ಹತ್ತಿ ಅವರಿಗೆ ಏದುಸಿರು ಬಂದಿತ್ತು.

ಏಳನೇ ಮನೆಯಲ್ಲಿ ಅತ್ತೆ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಇನ್‌ಸ್ಪೆಕ್ಟರ್ ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದರು. ಗೋಡೆಯ ಉಬ್ಬು ತಗ್ಗು ಕಾಣುವುದು ಹಾಗೆ ಹಿಡಿದಾಗ. ಏನೂ ಕಾಣಲಿಲ್ಲ. ಬೆಳಕು ಆ ಕೊನೆಯಿಂದ ಈ ಕೊನೆಗೆ ಎಲ್ಲೂ ಎಡವದೆ ಹರಿಯಿತು. ಅಂಗೈ ಇಟ್ಟು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಇಪ್ಪತ್ತೆಂಟು ವರ್ಷದಿಂದ ಗೋಡೆ ನೋಡ್ತಿದ್ದೀನಿ," ಎಂದರು. "ಇಷ್ಟು ಸಮ ಕೂತ ಕೈ ನಾನು ನೋಡಿಲ್ಲ. ಯಾರು ಮಾಡಿದ್ದು ಇದನ್ನ?"

ಬಣ್ಣದಕ್ಕ ಬಾಯಿ ತೆರೆದಳು. ಅಳಿಯ ಮುಂದೆ ಬಂದ.

"ನಾವೇ ಮಾಡಿಸಿದ್ದು ಸಾರ್. ವರ್ಷಾ ವರ್ಷಾ ಮಾಡಿಸ್ತೀವಿ. ಈ ವಿಷಯದಲ್ಲಿ ನಮ್ಮ ಮಾವನವರು ಬಹಳ ಕಟ್ಟುನಿಟ್ಟು."

ಬಣ್ಣದಕ್ಕನ ಮೈಯೆಲ್ಲ ಉರಿಯಿತು. ಆ ಕ್ಷಣ ಅವಳಿಗೆ ಕಾನೂನೂ ನೆನಪಾಗಲಿಲ್ಲ, ಬಾಡಿಗೆಯೂ ನೆನಪಾಗಲಿಲ್ಲ. ನೆನಪಾದದ್ದು ತನ್ನ ಬಲಗೈ ಒಂದೇ. ಇಷ್ಟು ವರ್ಷ ಬಾಗಿಲು ಹಾಕಿಕೊಂಡು, ಹೊಟ್ಟೆಗೆ ಹಾಕಿಕೊಂಡು ಈ ಕೈ ಮಾಡಿದ ಕೆಲಸವನ್ನು ಈ ಮನುಷ್ಯ ಒಂದೇ ಉಸಿರಿನಲ್ಲಿ ತನ್ನದು ಎಂದುಬಿಟ್ಟ. ಅಷ್ಟರಲ್ಲಿ ಅತ್ತೆಗೆ ಕೆಮ್ಮು ಬಂತು. ಬಂದ ಕೆಮ್ಮು ನಿಲ್ಲಲಿಲ್ಲ. ಹೊಸ ಬಣ್ಣದ ವಾಸನೆಗೆ ಮುದುಕಿ ರಾತ್ರಿಯೆಲ್ಲ ಕೂತೇ ಕಳೆದಿದ್ದರು, ಒಂದು ಮಾತು ಬೈದಿರಲಿಲ್ಲ. ಬೈದಿದ್ದರೆ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ.

"ಸಾರ್," ಎಂದಳು ಬಣ್ಣದಕ್ಕ. "ಇದು ಒಳ್ಳೇ ಕೆಲಸ ಅಲ್ಲ. ಕಳ್ಳ ಕೆಲಸ."

"ಏನಮ್ಮ?"

"ಒದ್ದೆ ಗೋಡೆಗೆ ಬಣ್ಣ ಹಚ್ಚೋನು ಪೇಂಟರ್ ಅಲ್ಲ, ಕಳ್ಳ ಅಂತ ನಮ್ಮ ಯಜಮಾನರು ಹೇಳ್ತಿದ್ರು. ನಾನು ಪೇಂಟರ್. ನಿನ್ನೆ ಮಧ್ಯಾಹ್ನ ನಾನೇ ಹಚ್ಚಿದೆ."

ಮೂಲೆಯಲ್ಲಿದ್ದ ಚೀಲದಿಂದ ಪುಟ್ಟಿ ಬ್ಲೇಡು ತೆಗೆದಳು. "ಅತ್ತೆ, ಸ್ವಲ್ಪ ಈ ಕಡೆ ಬನ್ನಿ," ಎಂದು ಅವರನ್ನು ಕೈಹಿಡಿದು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದಳು, ಮಂಚ ಎಳೆದಳು. ಗೋಡೆಯ ನಟ್ಟ ನಡುವೆ ಬ್ಲೇಡು ಇಟ್ಟಾಗ ಕೈ ಒಂದು ಸಲ ತಡೆಯಿತು, ಅಷ್ಟು ಚೆನ್ನಾಗಿತ್ತು ಅದು. ಆಮೇಲೆ ಒತ್ತಿ ಎಳೆದಳು. ತಿಳಿ ಹಸಿರು ಮೊರದಗಲ ಕಿತ್ತುಬಂತು. ಅದರ ಹಿಂದೆ ಪುಟ್ಟಿ, ಪುಟ್ಟಿಯ ಹಿಂದೆ ಒದ್ದೆ ಮರಳು ಬೊಗಸೆ ಬೊಗಸೆಯಾಗಿ ನೆಲಕ್ಕೆ ಸುರಿಯಿತು. ಒಳಗೆ ಗಾರೆ ಕಪ್ಪಗಿತ್ತು. ಹೊರಗೆ ಥಳಕು, ಒಳಗೆ ಹುಳುಕು. ಅವಳು ನಿಲ್ಲಿಸಲಿಲ್ಲ. ಕಣ್ಣಲ್ಲಿ ನೀರು ಬಂತು, ಮೊಣಕೈಯಿಂದ ಒರೆಸಿಕೊಂಡು ಇನ್ನೊಂದು ಸಲ ಎಳೆದಳು. ಮೆಟ್ಟಿಲ ಮೇಲಿದ್ದವರೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದರು. ನೋಡಲಿ ಎಂದುಕೊಂಡಳು.

"ಸಾರ್, ಇದು ಇವರೇ ನೀರು ಹಾಕಿ ಮಾಡಿರೋದು," ಎಂದ ಅಳಿಯ. "ನಿನ್ನೆ ಮೊನ್ನೆಯ ನಾಟಕ. ಈ ಗೋಡೆಗೆ ಯಾವತ್ತೂ ತೊಂದರೆ ಇರಲಿಲ್ಲ."

ಬಣ್ಣದಕ್ಕ ಗೋಡೆಯ ಮೂಲೆಗೆ ಹೋದಳು. ಕಿಟಕಿಯ ಪಕ್ಕ ಒಂದು ಗೇಣಗಲ ತೇವ ಮುಟ್ಟುತ್ತಿರಲಿಲ್ಲ, ಅಲ್ಲಿ ಹಳೆಯ ಬಣ್ಣ ಗಟ್ಟಿಯಾಗಿ ಕೂತಿತ್ತು. ಅದನ್ನು ಅವಳು ಯಾವತ್ತೂ ಕೆರೆಯದೆ ಅದರ ಮೇಲೆಯೇ ಹಚ್ಚಿಕೊಂಡು ಬಂದಿದ್ದಳು. ಬ್ಲೇಡಿನಿಂದ ಅದರ ಒಂದು ಚೂರು ಎಬ್ಬಿಸಿ ಇನ್‌ಸ್ಪೆಕ್ಟರ್ ಕೈಗೆ ಕೊಟ್ಟಳು. ಪುಸ್ತಕದ ರಟ್ಟಿನಷ್ಟು ದಪ್ಪವಿತ್ತು.

"ಅಂಚು ನೋಡಿ ಸಾರ್, ತೇವ ಎದ್ದಾಗಲೆಲ್ಲ ಹಚ್ಚಿದ್ದು. ಮೇಲಿನ ಹಸಿರು ನಿನ್ನೇದು, ಹಲ್ಲಿನ ಡಾಕ್ಟರ್ ಕ್ಲಿನಿಕ್‌ದು. ಅದರ ಕೆಳಗಿನ ಕೆನೆ ಬಣ್ಣ ಶಾಲೆಯದು, ಅಲ್ಲಿ ಉಳಿದ ಡಬ್ಬ. ಆಮೇಲೆ ಗುಲಾಬಿ, ಔಷಧಿ ಅಂಗಡಿಯವರ ಮಗಳ ಕೋಣೆದು. ಬೂದಿ ಬಣ್ಣ ಬ್ಯಾಂಕಿಂದು. ನಾನು ದುಡ್ಡು ಕೊಟ್ಟು ಒಂದು ಡಬ್ಬಾನೂ ತಂದಿಲ್ಲ, ಅದಕ್ಕೇ ಒಂದೊಂದು ಸಲ ಒಂದೊಂದು ಬಣ್ಣ."

ಇನ್‌ಸ್ಪೆಕ್ಟರ್ ಕಿಟಕಿಯ ಬೆಳಕಿಗೆ ಚೂರನ್ನು ಹಿಡಿದು ಉಗುರಿನಿಂದ ಎಣಿಸಿದರು. ಹನ್ನೊಂದು ಪದರ ಇದ್ದವು.

"ನೀವು ಮಾಡಿಸಿದ್ದು ಅಂದ್ರಲ್ಲ," ಎಂದರು ಅಳಿಯನ ಕಡೆ ತಿರುಗಿ. "ಬೂದಿ ಬಣ್ಣ ಯಾವ ವರ್ಷದ್ದು?"

ಅಳಿಯ ಜೇಬಿನಿಂದ ಫೋನ್ ತೆಗೆದು ನೋಡಿ ಮತ್ತೆ ಜೇಬಿಗಿಟ್ಟ.

"ತಳದಲ್ಲಿರೋ ಈ ನೀಲಿ?" ಎಂದು ಇನ್‌ಸ್ಪೆಕ್ಟರ್ ಬಣ್ಣದಕ್ಕನನ್ನು ಕೇಳಿದರು.

"ಅದು ಅವರು ಹಚ್ಚಿದ್ದು. ನಾವು ಈ ಮನೆಗೆ ಬಂದ ವಾರ," ಎಂದಳು. "ಆಗ ಗೋಡೆ ಒಣಗಿತ್ತು ಸಾರ್. ಅವರು ಕಳ್ಳ ಅಲ್ಲ."

ಅತ್ತೆ ಕುರ್ಚಿಯಲ್ಲಿ ಕೂತು ಸೆರಗಿನಿಂದ ಮೂಗು ಒರೆಸಿಕೊಂಡರು. ಇನ್‌ಸ್ಪೆಕ್ಟರ್ ಚೂರನ್ನು ಒಂದು ಲಕೋಟೆಯೊಳಗೆ ಹಾಕಿ, ಮೇಲೆ ಏಳು ಎಂದು ಬರೆದು, ಫಾರಂನಲ್ಲಿ ಆ ದಿನದ ಮೊದಲ 'ಇದೆ' ಹಾಕಿದರು.

ಎಂಟನೇ ಮನೆಗೆ ಹೋಗಲು ಅವರು ತಿರುಗಿದಾಗ ನಲ್ಲಿ ಮಾವ ಗಂಟಲು ಸರಿಮಾಡಿಕೊಂಡರು.

"ಸಾರ್, ತಪ್ಪು ತಿಳೀಬೇಡಿ. ಮೊದಲನೇ ಮನೆಗೆ ಇನ್ನೊಂದು ಸಲ ಬರ್ತೀರಾ? ನಾನು ಒಂದು ವಾಷರ್ ಬಿಚ್ಚೋದಿದೆ."

"ನನ್ನದೊಂದು ಬೆಣೆ ಇದೆ ಸಾರ್, ಬಾಗಿಲ ಕೆಳಗೆ," ಎಂದ ಬಡಗಿ.

"ನನ್ನದು ಭೂಪಟ," ಎಂದರು ಟೀಚರ್, ತೀರಾ ಸಣ್ಣ ದನಿಯಲ್ಲಿ.

ಇನ್‌ಸ್ಪೆಕ್ಟರ್ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಗುತ್ತಿದ್ದಾರೋ ಏದುಸಿರೋ ಗೊತ್ತಾಗಲಿಲ್ಲ. "ನನ್ನ ಹತ್ರ ಇರೋದು ಒಂದೇ ಫಾರಂ," ಎಂದರು. ಆಮೇಲೆ ಎದ್ದು ಮೊದಲನೇ ಮನೆಗೆ ಇಳಿದರು. ಹಾಕಿದ್ದ ಒಂದೊಂದು 'ಇಲ್ಲ'ವನ್ನೂ ಹೊಡೆದುಹಾಕಿ ಪಕ್ಕದಲ್ಲಿ ಪುಟ್ಟ ಸಹಿ ಮಾಡುತ್ತ ಹನ್ನೆರಡನೇ ಮನೆ ಮುಗಿಸುವಷ್ಟರಲ್ಲಿ ಎರಡೂವರೆಯಾಗಿತ್ತು. ಅಳಿಯ ಯಾವಾಗ ಹೋದನೋ ಯಾರೂ ನೋಡಲಿಲ್ಲ.

ಹದಿನೆಂಟು ದಿನಕ್ಕೆ ಆದೇಶ ಬಂತು. ಎಲ್ಲ ರಿಪೇರಿ ಮುಗಿಯುವ ತನಕ ಬಾಡಿಗೆ ಏರಿಸುವಂತಿಲ್ಲ, ಯಾರನ್ನೂ ಬಿಡಿಸುವಂತಿಲ್ಲ. ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಓನರ್ ಕಡೆಯ ಕೆಲಸದವರು ಬರುವವರೆಗೆ ಬಾಡಿಗೆದಾರರು ಯಾವುದನ್ನೂ ಮುಟ್ಟಕೂಡದು. ಅದನ್ನು ಓದಿದಾಗ ತಾರಸಿಯ ಮೇಲಿದ್ದವರೆಲ್ಲ ತಲೆ ತಗ್ಗಿಸಿಕೊಂಡು ನಕ್ಕರು.

ಅದು ನಗುವ ಮಾತಲ್ಲ, ಬಹಳ ಕಷ್ಟದ ಮಾತು. ನಲ್ಲಿ ಮಾವ ತಮ್ಮ ನಲ್ಲಿ ತೊಟ್ಟಿಕ್ಕುವುದನ್ನು ಕೇಳಿಕೊಂಡು ಸುಮ್ಮನೆ ಕೂರಬೇಕಾಯಿತು. ಬಣ್ಣದಕ್ಕ ಬೀರುವನ್ನು ಅಡುಗೆಮನೆಗೆ ತುರುಕಿ, ಅತ್ತೆಯ ಮಂಚವನ್ನು ಕೋಣೆಯ ನಡುವಿಗೆ ಎಳೆದಳು. ಒಲೆಯ ಮುಂದೆ ಅವಳು ಇನ್ನು ಅಡ್ಡಡ್ಡ ನಿಂತೇ ಅಡುಗೆ ಮಾಡಬೇಕು. ಕಿತ್ತ ಗೋಡೆ ಹಾಗೇ ನಿಂತಿತ್ತು. ಬೆಳಗ್ಗೆ ಎದ್ದ ಕೂಡಲೇ ಅದು ಕಣ್ಣಿಗೆ ಬೀಳುತ್ತಿತ್ತು, ಬಿದ್ದ ಕೂಡಲೇ ಅವಳ ಕೈ ತುರಿಸುತ್ತಿತ್ತು. ತಿಂಗಳಾಯಿತು, ಎರಡಾಯಿತು, ಓನರ್ ಕಡೆಯ ಕೆಲಸದವರು ನಾಳೆ ಬರುತ್ತಾರೆ ಎನ್ನುವುದೇ ಆಗಿತ್ತು. ಅವರು ಬಂದು ಎಲ್ಲ ಮುಗಿಸಿದ ಮೇಲೆ ಅಳಿಯ ಇನ್ನೊಂದು ಪತ್ರ ಬರೆಯುತ್ತಾನೆ ಎನ್ನುವುದೂ ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಭಾನುವಾರ ಹತ್ತು ಗಂಟೆಗೆ ತಾರಸಿಯ ಮೇಲೆ ಸೇರುವುದು ತಪ್ಪಲಿಲ್ಲ. ಏನು ಕೆಟ್ಟರೂ ಮೊದಲು ಅಲ್ಲಿ ಹೇಳಬೇಕು, ತಮ್ಮದನ್ನು ತಾವೇ ಹೇಳಬೇಕು ಎಂದು ಟೀಚರ್ ಒಂದು ನಿಯಮ ಮಾಡಿದ್ದರು.

ಹೀಗೇ ಒಂದು ಸಂಜೆ ಬಾಗಿಲು ಬಡಿದ ಸದ್ದಾಯಿತು. ಹಲ್ಲಿನ ಡಾಕ್ಟರು ನಿಂತಿದ್ದರು, ಮನೆಗೆ ಹೋಗುವ ದಾರಿಯಲ್ಲಿ ಬಂದವರು. ಬಣ್ಣದಕ್ಕನ ಕೈ ಹಳೆಯ ಅಭ್ಯಾಸದಂತೆ ಬಾಗಿಲನ್ನು ಬೆನ್ನ ಹಿಂದೆ ಎಳೆಯಲು ಹೋಯಿತು. ತಡವಾಗಿತ್ತು. ಡಾಕ್ಟರ ಕಣ್ಣು ಅವಳ ಹೆಗಲ ಮೇಲಿಂದ ಒಳಗೆ ಹೋಗಿ, ಗೋಡೆಯ ಮೇಲೆ ನಿಂತುಬಿಟ್ಟಿತ್ತು.

ಬಣ್ಣದಕ್ಕ ಕೈ ತೆಗೆದಳು.

"ಅದು ನನ್ನ ಕೆಲಸ ಅಲ್ಲ ಡಾಕ್ಟ್ರೇ," ಎಂದಳು. "ಅದು ಓನರ್ ಕೆಲಸ. ನಾನು ಒದ್ದೆ ಗೋಡೆ ಮುಟ್ಟಲ್ಲ."

ಡಾಕ್ಟರು ಮೆಟ್ಟಿಲ ಮೇಲೆ, ಕೆಳಗೆ ಯಾರಾದರೂ ಇದ್ದಾರೆಯೇ ಎಂದು ನೋಡಿ ದನಿ ತಗ್ಗಿಸಿದರು.

"ನಮ್ಮ ಮಲಗೋ ಕೋಣೆಗೆ ಬಣ್ಣ ಹಚ್ಚಬೇಕು ಅಂತ ಕೇಳೋಕೆ ಬಂದೆ. ಮಂಚದ ಹಿಂದೆ ಒಂದು ಸ್ವಲ್ಪ... ನಾವೂ ಬಾಡಿಗೆಗೇ ಇರೋದು. ಕ್ಲಿನಿಕ್‌ನಲ್ಲಿ ಯಾರಿಗೂ ಗೊತ್ತಿಲ್ಲ."

ಒಳಗಿನಿಂದ, ಕೋಣೆಯ ನಡುವಿನ ಮಂಚದಿಂದ ಅತ್ತೆ ಕೂಗಿದರು.

"ಯಾರೇ ಅದು ಬಾಗಿಲಲ್ಲಿ ಗುಸುಗುಸು ಅನ್ನೋದು? ಒಳಗೆ ಬಂದು ಗಟ್ಟಿಯಾಗಿ ಹೇಳೋಕೆ ಹೇಳು. ಭಾನುವಾರ ಹತ್ತು ಗಂಟೆಗೆ ತಾರಸಿ ಮೇಲೂ ಬರೋಕೆ ಹೇಳು."

ಬಣ್ಣದಕ್ಕ ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದಳು. ಡಾಕ್ಟರು ಚಪ್ಪಲಿ ಬಿಟ್ಟು ಒಳಗೆ ಬಂದರು.